ರಿವ್ಯೂಗೆ ಉತ್ತರ ಬರೆಯಿರಿ, ಕಾಫಿ ಫ್ರೀ ಬೇಡ

'ರಿವ್ಯೂ ಹಾಕಿ, ಕಾಫಿ ಫ್ರೀ' ಅಂತ ಬೋರ್ಡ್ ಬರೆಸಿ ಗಲ್ಲಾದ ಪಕ್ಕ ತೂಗುಹಾಕಿದ ಮೇಲೆ ಜನ ನನಗೆ ಫೋನ್ ಮಾಡುತ್ತಾರೆ. ಬರೆಸುವ ಮೊದಲು ಒಬ್ಬರೂ ಮಾಡುವುದಿಲ್ಲ. ತುಮಕೂರಿನ ಲಾಡ್ಜು, ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಹೋಟೆಲು, ಬೈಕ್ ಗ್ಯಾರೇಜು, ಹಲ್ಲಿನ ಕ್ಲಿನಿಕ್ಕು, ಹೀಗೆ ಸಣ್ಣ ವ್ಯಾಪಾರದವರ ಗೂಗಲ್ ಮ್ಯಾಪ್ ಪೇಜ್ ನೋಡಿಕೊಳ್ಳುವುದು ನನ್ನ ಕೆಲಸ. ಎಲ್ಲರದ್ದೂ ಒಂದೇ ಗೋಳು: "ದಿನಾ ಇಷ್ಟು ಜನ ತಿಂದು ಹೋಗ್ತಾರೆ ಸಾರ್, ಒಬ್ಬರೂ ಬರೆಯಲ್ಲ."

ಮೊದಲು ಆ ಬೋರ್ಡ್ ಇಳಿಸಿ. ಏನಾದರೂ ಕೊಟ್ಟು ರಿವ್ಯೂ ಬರೆಸುವುದು ಗೂಗಲ್ ನಿಯಮಕ್ಕೆ ವಿರುದ್ಧ. ಮನೆಯವರಿಂದ ಬರೆಸುವುದೂ ಅಷ್ಟೆ. ಒಬ್ಬ ಮಾಲೀಕರು ಗೃಹಪ್ರವೇಶಕ್ಕೆ ಬಂದ ನೆಂಟರ ಕೈಯಲ್ಲೆಲ್ಲ ಊಟ ಆದ ಮೇಲೆ ಐದು ಸ್ಟಾರ್ ಹಾಕಿಸಿದರು. ವಾರ ಕಳೆಯುವಷ್ಟರಲ್ಲಿ ಹೆಚ್ಚಿನವು ಮಾಯ. "ನಮ್ಮ ಭಾವನದ್ದೂ ಹೋಯ್ತಲ್ಲ" ಅಂತ ಅವರಿಗೆ ಭಾರಿ ಬೇಜಾರು.

ರಿವ್ಯೂ ಬರೆಯುವವರು ನಿಮಗೆ ಉಪಕಾರ ಮಾಡಲಿಕ್ಕೆ ಬರೆಯುವುದಿಲ್ಲ. ನಾಲ್ಕು ಜನ ನೋಡಲಿ ಅಂತ ಬರೆಯುತ್ತಾರೆ. ಇದು ಸಣ್ಣತನವೇನಲ್ಲ, ಈ ಸೈಟುಗಳು ನಡೆಯುವುದೇ ಅದರಿಂದ. ಗೂಗಲ್ ಮ್ಯಾಪ್‌ನಲ್ಲಿ ರಿವ್ಯೂ, ಫೋಟೊ ಹಾಕಲಿಕ್ಕೆ ತಾವಾಗಿಯೇ ಸೇರಿಕೊಂಡ 'ಲೋಕಲ್ ಗೈಡ್'ಗಳಿಗೆ ಒಂದು ರಿವ್ಯೂಗೆ 10 ಪಾಯಿಂಟ್. 200 ಅಕ್ಷರ ದಾಟಿದರೆ ಇನ್ನೊಂದು 10. ಫೋಟೊಗೆ 5. 250 ಪಾಯಿಂಟ್ ಆದರೆ ನಾಲ್ಕನೇ ಲೆವೆಲ್, ಹೆಸರಿನ ಜೊತೆ ಬ್ಯಾಡ್ಜ್. ಆ ಪಾಯಿಂಟ್ ಕೊಟ್ಟರೆ ಒಂದು ಇಡ್ಲಿಯೂ ಸಿಗುವುದಿಲ್ಲ. ಆದರೂ ನನಗೆ ಗೊತ್ತಿರುವ ಒಬ್ಬ ನಿವೃತ್ತ ಮೇಷ್ಟ್ರು ದೇವರಾಯನದುರ್ಗಕ್ಕೆ ಹೋದರೆ ಬೆಟ್ಟದ್ದು, ಮಂಗನದ್ದು, ಪಾರ್ಕಿಂಗ್‌ನದ್ದು ಅಂತ ಫೋಟೊ ಹಾಕುತ್ತಲೇ ಇರುತ್ತಾರೆ. ಎಷ್ಟು ಜನ ನೋಡಿದರು ಅನ್ನುವ ಮೇಲ್ ಬಂದ ದಿನ ಅದನ್ನು ನನಗೂ ತೋರಿಸುತ್ತಾರೆ. ಇಂಥವರನ್ನು ಕಂಡರೆ ನನಗೆ ಪ್ರೀತಿ.

ದುಡ್ಡು ಕೊಟ್ಟು ಬರೆಸಿ ನೋಡಿದವರೂ ಇದ್ದರು. ಅಮೆರಿಕದಲ್ಲಿ 1999ರಲ್ಲಿ ಶುರುವಾದ ಎಪಿನಿಯನ್ಸ್ ಅನ್ನುವ ರಿವ್ಯೂ ಸೈಟು ಬರೆದವರಿಗೆ ಹಣ ಕೊಡುತ್ತಿತ್ತು. 2004ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹುಟ್ಟಿದ ಯೆಲ್ಪ್ ಅನ್ನುವ ಇನ್ನೊಂದು ರಿವ್ಯೂ ಸೈಟು ಬೇರೆ ದಾರಿ ಹಿಡಿಯಿತು. ಬರೆದವರ ಹೆಸರಿನ ಪಕ್ಕ ಗೆಳೆಯರ ಲೆಕ್ಕ, ರಿವ್ಯೂ ಕೆಳಗೆ 'ಉಪಯುಕ್ತ', 'ತಮಾಷೆ' ಅಂತ ಒತ್ತುವ ಬಟನ್, ಚೆನ್ನಾಗಿ ಬರೆಯುವವರಿಗೆ 'ಎಲೀಟ್' ಅನ್ನುವ ಪಟ್ಟ ಇಟ್ಟಿತು. ಕೊನೆಗೆ ಬೆಳೆದದ್ದು ಯೆಲ್ಪ್. ಕಾರಣ ಇದೊಂದೇ ಅನ್ನುವುದಿಲ್ಲ, ಆದರೆ ಇದೂ ಒಂದು.

ಹಾಗಾದರೆ ನಮ್ಮೂರಿನವರು ಯಾಕೆ ಬರೆಯುವುದಿಲ್ಲ? ನನ್ನ ಅಂದಾಜು ಹೇಳುತ್ತೇನೆ. ಗೂಗಲ್ ರಿವ್ಯೂನಲ್ಲಿ ಸಾಮಾನ್ಯವಾಗಿ ಬರೆದವರ ಹೆಸರು, ಮುಖ ಎರಡೂ ಕಾಣುತ್ತವೆ. ಸೋಮೇಶ್ವರಪುರಂನ ಗಿರಾಕಿ ಮೂರು ಸ್ಟಾರ್ ಕೊಟ್ಟು ನಾಳೆ ನಿಮ್ಮೆದುರು ಬಂದು ಕೂರಬೇಕಲ್ಲ. ಹೇಳುವುದನ್ನು ಬಾಯಲ್ಲೇ ಹೇಳಿಬಿಡುತ್ತಾರೆ. ಹೈವೇಯಲ್ಲಿ ಚಿತ್ರದುರ್ಗ, ಹುಬ್ಬಳ್ಳಿ ಕಡೆ ಹೋಗುವವರಿಗೆ ಆ ಸಂಕೋಚವಿಲ್ಲ. ಅದಕ್ಕೇ ನಿಮ್ಮ ಪೇಜ್ ತುಂಬ ದಾರಿಹೋಕರ ಮಾತು.

ಪಾಯಿಂಟು, ಬ್ಯಾಡ್ಜು ಗೂಗಲ್ ಕೈಯಲ್ಲಿವೆ. ನಿಮ್ಮ ಕೈಯಲ್ಲಿರುವುದು ಉತ್ತರ ಬರೆಯುವುದು ಮಾತ್ರ. ಎಷ್ಟು ಸಲ ಹೇಳಿದರೂ ಇದೇ ತಲೆಗೆ ಹೋಗುವುದಿಲ್ಲ. "ಅವನು ಬೈದು ಹೋದ, ಇನ್ನು ಬರಲ್ಲ. ಅವನಿಗೆ ಯಾಕೆ ಸಾರ್ ಉತ್ತರ?" ಅಯ್ಯೋ, ಉತ್ತರ ಅವನಿಗಲ್ಲ! ಮುಂದೆ ಬರುವವರಿಗೆ. ಹೋಟೆಲಿಗೆ ಬರುವ ಮುಂಚೆ ಕಾರಿನಲ್ಲಿ ಕೂತು ಓದುತ್ತಾರಲ್ಲ, ಅವರಿಗೆ. ಬರೆಯಲೋ ಬೇಡವೋ ಅಂತ ಫೋನ್ ಹಿಡಿದು ಕೂತಿರುವವರಿಗೆ. ಮಾಲೀಕರು ಓದುತ್ತಾರೆ ಅಂತ ಕಂಡರೆ ಬರೆಯುವ ಮನಸ್ಸು ಬರುತ್ತದೆ. ಬೈದವರಿಗೆ ಮಾತ್ರ ಉತ್ತರ ಕೊಟ್ಟು ಹೊಗಳಿದವರನ್ನು ಬಿಟ್ಟರೆ ಹೇಗೆ ಕಾಣುತ್ತದೆ ಯೋಚಿಸಿ. ಹೊಗಳಿದವರಿಗೂ ಒಂದು ಸಾಲು ಬರೆಯಿರಿ.

ಅಮೆರಿಕದ ಟೆಕ್ಸಾಸ್‌ನ ಉಳಿದುಕೊಳ್ಳುವ ಹೋಟೆಲುಗಳಿಗೆ ಟ್ರಿಪ್‌ಅಡ್ವೈಸರ್ ಅನ್ನುವ ಪ್ರವಾಸಿ ಸೈಟಿನಲ್ಲಿ ಬಂದ ರಿವ್ಯೂಗಳ ಮೇಲೆ ಒಂದು ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಹೋಟೆಲಿನವರು ಉತ್ತರ ಕೊಡಲು ಶುರು ಮಾಡಿದ ಮೇಲೆ ಸರಾಸರಿ ಶೇ. 12ರಷ್ಟು ಹೆಚ್ಚು ರಿವ್ಯೂ ಬಂದವು, ರೇಟಿಂಗ್ 0.12 ಸ್ಟಾರ್ ಏರಿತು. ಬೈಗುಳ ಕಡಿಮೆಯಾಯಿತು, ಬೈದವರು ಮಾತ್ರ ಉದ್ದಕ್ಕೆ ಬೈದರು. ಮಾಲೀಕರು ನೋಡುತ್ತಾರೆ ಅಂದರೆ ಸುಮ್ನೆ 'ಕೆಟ್ಟದಾಗಿದೆ' ಅಂತ ಗೀಚಿ ಹೋಗಲು ಆಗುವುದಿಲ್ಲ, ಅಲ್ವಾ? ಅದು ಅಲ್ಲಿನ ಲೆಕ್ಕ. ನಮ್ಮ ಇಡ್ಲಿ ಹೋಟೆಲಿಗೂ ಅಷ್ಟೇ ಏರುತ್ತದೆ ಅಂತ ನಾನು ಬರೆದುಕೊಡಲಾರೆ.

ಒಂದು ಹೋಟೆಲಿನಲ್ಲಿ 'ಚಟ್ನಿ ಖಾಲಿ ಅಂದ್ರು' ಅಂತ ಎರಡು ಸ್ಟಾರ್ ಬಂದಿತ್ತು. ಮಾಲೀಕರು ಬರೆಯಲು ಹೊರಟಿದ್ದು: 'ನೀನು ಬಂದಿದ್ದು ಹನ್ನೊಂದೂವರೆಗೆ, ಇನ್ನೇನು ಸಿಗುತ್ತೆ.' ನಾನು ಕೈ ಹಿಡಿದು ಬೇರೆ ಬರೆಸಿದೆ: 'ಬೆಳಗ್ಗೆ ರುಬ್ಬಿದ ಚಟ್ನಿ ಹನ್ನೊಂದರ ಹೊತ್ತಿಗೆ ಮುಗಿಯುತ್ತೆ, ಕ್ಷಮಿಸಿ. ಸ್ವಲ್ಪ ಬೇಗ ಬನ್ನಿ.' ಅದಾದ ಮೇಲೆ ಯಾರೋ ಬರೆದರು: 'ಹನ್ನೊಂದರ ಒಳಗೆ ಹೋಗಿ, ಚಟ್ನಿ ಚೆನ್ನಾಗಿದೆ.' ನಾಲ್ಕು ಸ್ಟಾರ್.

ಎರಡು ಎಚ್ಚರಿಕೆ. 'ನಿಮ್ಮ ಅಮೂಲ್ಯ ಅಭಿಪ್ರಾಯಕ್ಕೆ ಧನ್ಯವಾದ' ಅಂತ ಎಲ್ಲರಿಗೂ ಒಂದೇ ಸಾಲು ಅಂಟಿಸಬೇಡಿ. ಗಲ್ಲಾ ಮುಚ್ಚಿದ ಮೇಲೆ, ರಾತ್ರಿ, ಸಿಟ್ಟಿನಲ್ಲಿ ಬರೆಯಬೇಡಿ. ಬರೆಯಲೇಬೇಕು ಅನ್ನಿಸಿದರೆ ಮಗಳ ಕೈಗೆ ಫೋನ್ ಕೊಟ್ಟು ಮಲಗಿ.