ಸೂರ್ಯನೇ ಇಲ್ದೆ ಮೊದಲನೇ ದಿನ ಹೇಗಾಯ್ತು? ಚರ್ಚಿನೊಳಗಿನ ತರ್ಕದ ಹಳೇ ಕಥೆ

ನನಗಾಗ ಹತ್ತು ವರ್ಷ ಇರ್ಬೇಕು, ಸಂಡೇಸ್ಕೂಲಲ್ಲಿ ಆದಿಕಾಂಡದ ಮೊದಲ ಅಧ್ಯಾಯ ಓದಿಸ್ತಿದ್ರು. ಮೊದಲನೇ ದಿನ ಬೆಳಕಾಯ್ತು, ಸಾಯಂಕಾಲವಾಯ್ತು, ಬೆಳಗಾಯ್ತು ಅಂತಿದೆ, ಆದ್ರೆ ಸೂರ್ಯ ಬರೋದು ನಾಲ್ಕನೇ ದಿನ. ಸೂರ್ಯ ಇಲ್ದೆ ಸಾಯಂಕಾಲ ಹೇಗಾಯ್ತು ಟೀಚರ್ ಅಂತ ಕೇಳ್ದೆ. "ಅದನ್ನೆಲ್ಲ ಕೇಳ್ಬಾರ್ದಪ್ಪ, ನಂಬ್ಬೇಕು" ಅಂದ್ರು. ಬೈದಿದ್ದೇನೂ ಅಲ್ಲ, ಪ್ರೀತಿಯಿಂದಲೇ ಹೇಳಿದ್ರು, ಆದ್ರೂ ಆಮೇಲೆ ಎಷ್ಟೋ ವರ್ಷ ನಾನು ಬಾಯಿ ಬಿಡ್ಲಿಲ್ಲ.

ದೊಡ್ಡವನಾದ್ಮೇಲೆ ಗೊತ್ತಾಯ್ತು, ಇದೇ ಪ್ರಶ್ನೆನ ಮೂರನೇ ಶತಮಾನದಲ್ಲೇ ಅಲೆಕ್ಸಾಂಡ್ರಿಯಾದ ಒರಿಜೆನ್ ಅನ್ನೋ ಕ್ರೈಸ್ತ ಪಂಡಿತ ಕೇಳಿಬಿಟ್ಟಿದ್ದ. ಸೂರ್ಯ ಚಂದ್ರ ಇಲ್ದೆ ಮೂರು ದಿನ ಕಳೀತು ಅಂತ ಬುದ್ಧಿ ಇರೋ ಯಾರು ಅಕ್ಷರಶಃ ನಂಬ್ತಾರೆ ಅಂತ ನೇರವಾಗೇ ಬರೆದ. ಹಾಗಂತ ಸತ್ಯವೇದ ಬಿಸಾಕ್ಲಿಲ್ಲ, ಅದ್ರ ಅರ್ಥ ಇನ್ನೂ ಆಳದಲ್ಲಿದೆ ಅಂದ. ಐದನೇ ಶತಮಾನದ ಶುರುವಲ್ಲಿ ಬಿಷಪ್ ಅಗಸ್ಟೀನ್ ಕೂಡ ಇದೇ ಜಾಗದಲ್ಲಿ ತುಂಬಾ ಹೊತ್ತು ನಿಂತ. ಅವನಿಗೆ ಇನ್ನೊಂದು ಚಿಂತೆನೂ ಇತ್ತು: ನಕ್ಷತ್ರ, ಗ್ರಹಣ ಇವೆಲ್ಲ ಕ್ರೈಸ್ತನಲ್ಲದವನಿಗೂ ಚೆನ್ನಾಗಿ ಗೊತ್ತು, ಅಂಥ ವಿಷಯದಲ್ಲಿ ನಾವು ಸತ್ಯವೇದದ ಹೆಸರು ಹೇಳಿ ಏನೇನೋ ಮಾತಾಡಿದ್ರೆ, ಪುನರುತ್ಥಾನದ ಬಗ್ಗೆ ನಾವು ಹೇಳೋದನ್ನ ಅವನು ಯಾಕೆ ನಂಬ್ಬೇಕು?

ಎದುರು ದನಿನೂ ಇತ್ತು. ಅಥೆನ್ಸಿಗೂ ಯೆರೂಸಲೇಮಿಗೂ, ಅಂದ್ರೆ ಗ್ರೀಕರ ತತ್ವಜ್ಞಾನಕ್ಕೂ ನಮ್ಮ ನಂಬಿಕೆಗೂ, ಏನು ಸಂಬಂಧ ಅಂತ ಕಾರ್ತೇಜಿನ ಕ್ರೈಸ್ತ ಲೇಖಕ ತೆರ್ತುಲಿಯನ್ ಕೇಳಿದ್ದು ಇವತ್ತಿಗೂ ಓಡಾಡುತ್ತೆ.

ಈ ಕಥೆಯಲ್ಲಿ ನನಗೆ ತುಂಬಾ ಇಷ್ಟವಾಗೋದು ನಾರ್ಮಂಡಿಯ ಬೆಕ್ ಮಠದಲ್ಲಿ ನಡೆದಿದ್ದು. 1077-78ರಲ್ಲಿ ಅಲ್ಲಿನ ಸನ್ಯಾಸಿ ಅನ್ಸೆಲ್ಮ್ ಒಂದು ವಾದ ಕಟ್ಟಿದ: ದೇವರು ಅಂದ್ರೆ ಅದಕ್ಕಿಂತ ದೊಡ್ಡದನ್ನ ಯೋಚನೆ ಮಾಡೋಕೇ ಆಗದಂಥದ್ದು, ಅದು ಬರೀ ತಲೇಲಿ ಮಾತ್ರ ಇದ್ರೆ ನಿಜವಾಗ್ಲೂ ಇರೋದು ಅದಕ್ಕಿಂತ ದೊಡ್ಡದಾಗಿಬಿಡುತ್ತಲ್ಲ, ಹಾಗಾಗಿ ದೇವರು ಇರಲೇಬೇಕು. ಗೌನಿಲೋ ಅನ್ನೋ ಇನ್ನೊಬ್ಬ ಸನ್ಯಾಸಿ, ಅವನೂ ಗಟ್ಟಿ ವಿಶ್ವಾಸಿನೇ, ಕೀರ್ತನೆಯಲ್ಲಿ ದೇವರಿಲ್ಲ ಅನ್ನೋ ಮೂಢ ಬರ್ತಾನಲ್ಲ, ಅವನ ಪರವಾಗಿ ಉತ್ತರ ಬರೆದ. ಎಲ್ಲಾ ದ್ವೀಪಗಳಿಗಿಂತ ಶ್ರೇಷ್ಠವಾದ ಒಂದು ದ್ವೀಪ ನನ್ನ ತಲೇಲಿದೆ, ಹಾಗಂತ ಅದು ಸಮುದ್ರದಲ್ಲಿ ಇರಲೇಬೇಕಾ? ಅನ್ಸೆಲ್ಮ್ ಸಿಟ್ಟಾಗ್ಲಿಲ್ಲ. ಥ್ಯಾಂಕ್ಸ್ ಹೇಳಿ, ತನ್ನ ಉತ್ತರ ಬರೆದು, ಇನ್ಮೇಲೆ ನನ್ನ ಪುಸ್ತಕ ನಕಲು ಮಾಡೋರು ಗೌನಿಲೋನ ಆಕ್ಷೇಪಣೆನೂ ಜೊತೆಗೇ ಸೇರಿಸ್ಲಿ ಅಂದ. ತನ್ನ ವಾದದಲ್ಲಿ ತೂತು ಹುಡುಕಿದವನ ಪುಟಗಳನ್ನ ತನ್ನದೇ ಪುಸ್ತಕಕ್ಕೆ ಹೊಲಿಸೋಕೆ ಎಷ್ಟು ದೊಡ್ಡ ಮನಸ್ಸು ಬೇಕು ನೋಡಿ.

ಫ್ರಾನ್ಸಿನ ತರ್ಕಪಂಡಿತ ಪೀಟರ್ ಅಬೆಲಾರ್ಡ್‌ಗೆ ಅಂಥ ಅದೃಷ್ಟ ಇರ್ಲಿಲ್ಲ. 158 ಪ್ರಶ್ನೆ ತಗೊಂಡು, ಒಂದೊಂದಕ್ಕೂ ಸಭಾಪಿತೃಗಳ (ಚರ್ಚಿನ ಮೊದಲ ಶತಮಾನಗಳ ಗುರುಗಳ) ಹೌದು ಅನ್ನೋ ಮಾತು, ಅಲ್ಲ ಅನ್ನೋ ಮಾತು ಎರಡನ್ನೂ ಅಕ್ಕಪಕ್ಕ ಇಟ್ಟ, ಉತ್ತರ ಕೊಡದೆ ಬಿಟ್ಟ. ಅನುಮಾನದಿಂದ ವಿಚಾರಣೆ, ವಿಚಾರಣೆಯಿಂದ ಸತ್ಯ ಅನ್ನೋದು ಅವನ ನಿಲುವು. ತ್ರಿಯೇಕತ್ವದ (ತಂದೆ, ಮಗ, ಪವಿತ್ರಾತ್ಮ ಮೂವರೂ ಒಬ್ಬನೇ ದೇವರು ಅನ್ನೋದರ) ಮೇಲೆ ಬರೆದ ಪುಸ್ತಕವನ್ನ 1121ರಲ್ಲಿ ಸುವಾಸೋಂ ಊರಿನ ಧರ್ಮಸಭೆಯಲ್ಲಿ ಅವನ ಕೈಯಿಂದಲೇ ಬೆಂಕಿಗೆ ಹಾಕಿಸಿದ್ರು. ಆಮೇಲೆ ಸಂತ ಬರ್ನಾರ್ಡ್ ಬೆನ್ನುಬಿದ್ದ, ಪೋಪ್ ಕೂಡ ಖಂಡಿಸಿದ್ರು, 1142ರಲ್ಲಿ ಕ್ಲೂನಿ ಮಠದವರ ಆಸರೆಯಲ್ಲಿ ತೀರ್ಕೊಂಡ.

ಆದ್ರೆ ಅವನ ಪದ್ಧತಿ ಸಾಯ್ಲಿಲ್ಲ. ನೂರೈವತ್ತು ವರ್ಷದೊಳಗೆ ಥಾಮಸ್ ಅಕ್ವಿನಾಸ್ ಅನ್ನೋ ಪಂಡಿತ ಬರೆದ ಸುಮ್ಮಾ ಅನ್ನೋ ದೊಡ್ಡ ಗ್ರಂಥ ತೆಗೆದು ನೋಡಿ, ದೇವರು ಇದ್ದಾನಾ ಅನ್ನೋ ಭಾಗ ಶುರುವಾಗೋದೇ "ದೇವರು ಇಲ್ಲ ಅಂತ ಕಾಣುತ್ತೆ" ಅಂತ. ಎದುರಾಳಿಯ ವಾದನ ಮೊದಲು ಇಡೋದಕ್ಕೆ ನಮ್ಮಲ್ಲಿ ಪೂರ್ವಪಕ್ಷ ಅಂತೀವಲ್ಲ, ಹಾಗೆ. ಒಂದು, ದೇವರು ಅನಂತ ಒಳ್ಳೇತನ ಆಗಿದ್ರೆ ಕೆಡುಕು ಉಳಿಯೋಕೆ ಜಾಗನೇ ಇರಬಾರ್ದಿತ್ತು, ಆದ್ರೆ ಲೋಕದಲ್ಲಿ ಕೆಡುಕಿದೆ. ಎರಡು, ಪ್ರಕೃತಿ ಮತ್ತೆ ಮನುಷ್ಯನ ಬುದ್ಧಿಯಿಂದಲೇ ಎಲ್ಲಾ ವಿವರಿಸ್ಬಹುದಾದ್ರೆ ದೇವರು ಯಾಕೆ ಬೇಕು? ಇವತ್ತಿನ ನಾಸ್ತಿಕರು ಕೇಳೋದೂ ಹೆಚ್ಚುಕಮ್ಮಿ ಇವೇ ಎರಡು. ಇದಾದ್ಮೇಲೇ ಅವನ ಹೆಸರಾಂತ ಐದು ವಾದ ಬರೋದು. ಕೆಡುಕಿನ ಪ್ರಶ್ನೆಗೆ ಅವನು ಕೊಡೋ ಉತ್ತರ, ದೇವರು ಕೆಡುಕಿನಿಂದಲೂ ಒಳ್ಳೇದನ್ನ ತರ್ತಾನೆ ಅನ್ನೋದು, ನನಗೆ ಇನ್ನೂ ಪೂರ್ತಿ ಸಮಾಧಾನ ಕೊಟ್ಟಿಲ್ಲ, ಆದ್ರೆ ಪ್ರಶ್ನೆನ ಅವನು ಮುಚ್ಚಿಡ್ಲಿಲ್ಲ.

ಅವನು ಸತ್ತು ಸರಿಯಾಗಿ ಮೂರು ವರ್ಷಕ್ಕೆ, 1277ರ ಮಾರ್ಚ್ 7ರಂದು, ಪ್ಯಾರಿಸ್ ಬಿಷಪ್ 219 ವಾಕ್ಯಗಳನ್ನ ಕಲಿಸಬಾರದು ಅಂತ ನಿಷೇಧ ಹಾಕಿದ, ಅದ್ರಲ್ಲಿ ಕೆಲವು ಥಾಮಸ್‌ಗೂ ತಗಲೋಂಥವು. 1323ರಲ್ಲಿ ಅವನನ್ನೇ ಸಂತ ಅಂತ ಘೋಷಿಸಿದ್ರು.

ಇನ್ನು ಪ್ರೊಟೆಸ್ಟೆಂಟ್ ಸುಧಾರಣೆ ಶುರು ಮಾಡಿದ ಲೂಥರ್. 1521ರಲ್ಲಿ ಜರ್ಮನಿಯ ವರ್ಮ್ಸ್‌ನಲ್ಲಿ ಚಕ್ರವರ್ತಿ ಎದುರು ನಿಂತು, ಸತ್ಯವೇದದಿಂದಾಗ್ಲಿ ಸ್ಪಷ್ಟವಾದ ತರ್ಕದಿಂದಾಗ್ಲಿ ಒಪ್ಪಿಸದೆ ನಾನು ಮಾತು ಹಿಂತಗೊಳ್ಳಲ್ಲ ಅಂದವನು ಇವನೇ, ಬುದ್ಧಿನ ಸೈತಾನನ ಸೂಳೆ ಅಂತ ಬೈದವನೂ ಇವನೇ. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಷನ್‌ನಲ್ಲಿ ಲೂಥರನ ಧಾರೆನೂ ಸೇರಿತ್ತು, ನಮ್ಮ ಸಭೆಯ ಬೇರು ಅಲ್ಲೇ ಇರೋದು. ನಮ್ಮ ಟೀಚರ್ ಬಾಯಲ್ಲಿ ಅವತ್ತು ಬಂದಿದ್ದು ಎರಡನೇ ಲೂಥರ್ ಮಾತು, ವರ್ಮ್ಸ್‌ನಲ್ಲಿ ನಿಂತ ಲೂಥರ್‌ನ ನಮಗೆ ಯಾರೂ ಓದಿಸ್ಲೇ ಇಲ್ಲ.