ಹಾರ್ಡಿಂಜ್ ಸೇತುವೆ: ಉಕ್ಕಿಗಿಂತ ನದಿಯದೇ ದೊಡ್ಡ ಕೆಲಸ

ಬಾಂಗ್ಲಾದೇಶದ ಪಾಕ್ಸಿ ಬಳಿ ಪದ್ಮಾ ನದಿಯ ಮೇಲಿರುವ ಹಾರ್ಡಿಂಜ್ ಸೇತುವೆಯನ್ನು ನೋಡಿದವರ ಕಣ್ಣು ಮೊದಲು ಹೋಗುವುದು ಅದರ 15 ಉಕ್ಕಿನ ಟ್ರಸ್‌ಗಳ (ತ್ರಿಕೋನಗಳಾಗಿ ಹೆಣೆದ ಚೌಕಟ್ಟುಗಳ) ಮೇಲೆ. ಒಂದೊಂದೂ ಸುಮಾರು 345 ಅಡಿ ಉದ್ದ. ಆದರೆ ಇಲ್ಲಿ ಎಂಜಿನಿಯರುಗಳು ಹೆಣಗಿದ್ದು ಉಕ್ಕಿನೊಂದಿಗಲ್ಲ, ಮರಳಿನೊಂದಿಗೆ.

ಸೇತುವೆಗೆ ಮೊದಲು ಕಲ್ಕತ್ತಾದಿಂದ ಉತ್ತರಕ್ಕೆ ಹೊರಟವರು ಸ್ಟೀಮರಿನಲ್ಲಿ ಹೊಳೆ ದಾಟಿ, ಸಾರಾ ಘಾಟಿನಲ್ಲಿ ಮೀಟರ್ ಗೇಜ್ ಗಾಡಿ ಹತ್ತಬೇಕಿತ್ತು. ಮುಖ್ಯ ಎಂಜಿನಿಯರ್ ರಾಬರ್ಟ್ ಗೇಲ್ಸ್ ನೇತೃತ್ವದಲ್ಲಿ ಕಟ್ಟಿದ ಸೇತುವೆಯನ್ನು ವೈಸ್‌ರಾಯ್ ಹಾರ್ಡಿಂಜ್ 1915ರ ಮಾರ್ಚ್ 4ರಂದು ಉದ್ಘಾಟಿಸಿದರು.

ಪದ್ಮೆಯ ತಳವೆಲ್ಲ ನುಣ್ಣನೆಯ ಮರಳು, ಹೂಳು. ಬಂಡೆ ಸಿಗುವ ಮಾತೇ ಇಲ್ಲ. ಹಾಗಾಗಿ ಕಂಬಗಳಿಗೆ ಅಡಿಪಾಯವಾಗುವ ಬಾವಿಗಳನ್ನು (ಒಳಗೆ ಟೊಳ್ಳಾದ ಗೋಡೆಗಳನ್ನು) ಬೇಸಿಗೆಯ ನೀರಿನ ಮಟ್ಟದಿಂದ 150–160 ಅಡಿ ಕೆಳಗೆ ಇಳಿಸಿದರು. ಬಾವಿ ಇಳಿಸುವ ಕ್ರಮ ಹೇಳಲು ಸುಲಭ: ಬುಡಕ್ಕೆ ಉಕ್ಕಿನ ಹರಿತ ಅಂಚು, ಮೇಲೆ ಗೋಡೆ ಕಟ್ಟುತ್ತ ಹೋಗುವುದು, ಒಳಗಿನ ಮರಳನ್ನು ಗ್ರ್ಯಾಬ್ (ಬಾಯಿ ಮುಚ್ಚಿ ಮರಳು ಕಚ್ಚುವ ದೊಡ್ಡ ಬಕೆಟ್) ಹಾಕಿ ಎತ್ತುವುದು. ಬಾವಿ ತನ್ನ ಭಾರಕ್ಕೆ ತಾನೇ ಇಳಿಯುತ್ತದೆ. ಒಂದು ಮಗ್ಗುಲಲ್ಲಿ ಹೆಚ್ಚು ತೋಡಿದರೆ ಅತ್ತ ವಾಲುತ್ತದೆ. ಆಗ ಎತ್ತರವಾಗಿ ನಿಂತ ಮಗ್ಗುಲಲ್ಲಿ ತೋಡಿ, ಅಲ್ಲೇ ಭಾರ ಹೇರಬೇಕು. ಇದನ್ನು ಮೇಲಿನ ಅಡಿಗಳಲ್ಲೇ ಮಾಡಿಬಿಡಬೇಕು. ಆಳಕ್ಕೆ ಹೋದಂತೆ ಸುತ್ತಲಿನ ಮರಳು ಬಿಗಿಯಾಗಿ ಹಿಡಿದು, ಬಾವಿ ನೆಟ್ಟಗಾಗುವುದೇ ಕಷ್ಟ. ಒಳಗಿನ ನೀರು ಹೊರಗಿನದಕ್ಕಿಂತ ತೀರಾ ಕೆಳಗಿಳಿದರೆ ಇನ್ನೊಂದು ಅಪಾಯ: ಬುಡದಿಂದ ಮರಳು ಉಕ್ಕಿ ನುಗ್ಗುತ್ತದೆ, ಬಾವಿ ಒಮ್ಮೆಲೇ ಜಗ್ಗುತ್ತದೆ.

ಇಷ್ಟಾದರೂ ಹೊಳೆ ಪಾತ್ರ ಬದಲಿಸಿದರೆ ಸೇತುವೆಯ ಗತಿ ಏನು? ಅದಕ್ಕೇ ಎರಡೂ ದಡಗಳಲ್ಲಿ ಗೈಡ್ ಬಂಡ್‌ಗಳನ್ನು (ಹೊಳೆಗೆ ದಾರಿ ತೋರುವ ಏರಿಗಳನ್ನು) ಕಟ್ಟಿ, ನೀರು ಟ್ರಸ್‌ಗಳ ಅಡಿಯಲ್ಲೇ ಹರಿಯುವಂತೆ ಹಿಡಿದಿಟ್ಟರು. ನನ್ನ ಮಟ್ಟಿಗೆ ಸೇತುವೆಯ ಪ್ರಾಣ ಇರುವುದು ಇಲ್ಲೇ. ಬಂಡಿನ ಬುಡದಲ್ಲಿ, ನದಿಯ ಕಡೆಗೆ, ಬಿಡಿ ಕಲ್ಲುಗಳನ್ನು ಹಾಸಿರುತ್ತಾರೆ. ಗಾರೆ ಹಾಕುವುದಿಲ್ಲ, ಬೇಕೆಂದೇ. ಪ್ರವಾಹ ತಳ ಕೊರೆದಾಗ ಕಲ್ಲುಗಳು ತಾವೇ ಜಾರಿ, ಕೊರೆದ ಇಳಿಜಾರಿಗೆ ಹೊದಿಕೆಯಾಗುತ್ತವೆ. ಗಾರೆ ಹಾಕಿದರೆ ಹಾಸು ಒಂದೇ ಹಲಗೆಯಂತೆ ನಿಂತು, ಅಡಿಯಲ್ಲಿ ಟೊಳ್ಳಾಗಿ, ಕೊನೆಗೆ ಮುರಿದು ಬೀಳುತ್ತದೆ.

1933ರಲ್ಲಿ ಬಲದಂಡೆಯ ಗೈಡ್ ಬಂಡೇ ಒಡೆಯಿತು. 1971ರ ಯುದ್ಧದಲ್ಲಿ 12ನೇ ಟ್ರಸ್ ಕುಸಿಯಿತು, ಮರುವರ್ಷವೇ ರೈಲು ಮತ್ತೆ ಓಡಿತು. ಉಕ್ಕನ್ನು ಮತ್ತೆ ತಂದು ಕೂರಿಸಬಹುದು. ಜಾರಿಹೋದ ಕಲ್ಲು ಮಾತ್ರ ನೀರಿನಡಿ ಇರುವುದರಿಂದ ಕಣ್ಣಿಗೆ ಕಾಣುವುದಿಲ್ಲ. ಆದ್ದರಿಂದ ಇಂಥ ಬಂಡುಗಳ ಬುಡದ ಆಳವನ್ನು ಮಳೆಗಾಲಕ್ಕೆ ಮೊದಲೂ ಆಮೇಲೂ ಅಳೆಯಬೇಕು, ಸುರಿಯಲು ಬೇಕಾದ ಕಲ್ಲನ್ನು ಬಂಡಿನ ಮೇಲೆಯೇ ರಾಶಿ ಹಾಕಿಟ್ಟಿರಬೇಕು.