ಅತ್ತಿಕಾಯಿಯೊಳಗಿನ ಕೊಡು-ಕೊಳ್ಳುವಿಕೆ

ಅತ್ತಿಹಣ್ಣು ಬಿಚ್ಚಿದರೆ ಬರೀ ಹುಳ ಅಂತ ಮೂಗು ಮುರಿಯುವವರೇ ಜಾಸ್ತಿ. ಆದರೆ ಆ ಹುಳ, ಅಂದರೆ ಒಂದು ಪುಟ್ಟ ಕಣಜ, ಇಲ್ಲದಿದ್ದರೆ ಅತ್ತಿಮರಕ್ಕೆ ಬೀಜ ಕಟ್ಟುವುದಿಲ್ಲ.

ನಾವು ಕಾಯಿ ಅನ್ನುವುದು ನಿಜಕ್ಕೂ ಒಂದು ಹೂಗೊಂಚಲು. ನೂರಾರು ಹೂಗಳು ಒಳಮುಖವಾಗಿ ಅರಳುತ್ತವೆ. ಗಾಳಿಗೂ ಸಿಗುವುದಿಲ್ಲ, ಜೇನಿಗೂ ಸಿಗುವುದಿಲ್ಲ. ತುದಿಯಲ್ಲೊಂದು ಕಿಂಡಿ, ಅದಕ್ಕೂ ಒತ್ತೊತ್ತಾದ ಹುರುಪೆಗಳ ಅಡ್ಡ. ಅಲ್ಲಿ ನುಸುಳುವುದು ಸುಮಾರು 2 ಮಿಲಿಮೀಟರ್ ಉದ್ದದ ಹೆಣ್ಣು ಕಣಜ. ನುಸುಳುವಾಗಲೇ ರೆಕ್ಕೆ ಕಿತ್ತುಹೋಗುತ್ತದೆ, ಮೀಸೆ ಮುರಿಯುತ್ತದೆ. ಇನ್ನು ಹೊರಗೆ ಬರುವ ಮಾತೇ ಇಲ್ಲ.

ಎದೆಯ ಪುಟ್ಟ ಜೇಬುಗಳಲ್ಲಿ ತಂದ ಪರಾಗವನ್ನು ಅದು ಹೂಗಳಿಗೆ ಹಚ್ಚುತ್ತದೆ, ಕೆಲವು ಹೂಗಳಲ್ಲಿ ಮೊಟ್ಟೆ ಇಟ್ಟು ಅಲ್ಲೇ ಸಾಯುತ್ತದೆ. ಮೊಟ್ಟೆ ಬಿದ್ದ ಹೂವು ಮರಿಗಳ ಪಾಲು, ಉಳಿದದ್ದು ಬೀಜ. ವಾರಗಳ ನಂತರ ಗಂಡುಗಳು ಮೊದಲು ತಾವು ಬೆಳೆದ ಹೂವಿನಿಂದ ಹೊರಬರುತ್ತವೆ. ಅವಕ್ಕೆ ರೆಕ್ಕೆಯೇ ಇಲ್ಲ. ಇನ್ನೂ ಹೂವಿನೊಳಗೇ ಇರುವ ಹೆಣ್ಣುಗಳ ಜೊತೆ ಕೂಡಿ, ಕಾಯಿಗೆ ತೂತು ಕೊರೆದು ಸಾಯುತ್ತವೆ. ಅಷ್ಟೇ ಅವುಗಳ ಬಾಳು, ಪಾಪ! ಹೆಣ್ಣುಗಳು ಜೇಬಿಗೆ ಹೊಸ ಪರಾಗ ತುಂಬಿಕೊಂಡು ಆ ತೂತಿನಿಂದ ಹಾರುತ್ತವೆ. ಒಂದೆರಡು ದಿನದೊಳಗೆ ಎಳೆಗಾಯಿ ಇರುವ ಇನ್ನೊಂದು ಮರ ಸಿಗಲೇಬೇಕು. ಕಾಯಿ ಹಣ್ಣಾಗುವುದು ಇದೆಲ್ಲ ಮುಗಿದ ಮೇಲೆ.

ಇದನ್ನು ಗೆಳೆತನ ಅನ್ನಲು ನನಗೆ ಮನಸ್ಸಿಲ್ಲ. ಲೆಕ್ಕ ಬಲು ಬಿಗಿ. ಪರಾಗ ತರದೆ ಸುಮ್ನೆ ಮೊಟ್ಟೆ ಇಟ್ಟರೆ ಏನಾಗುತ್ತದೆ? ಪನಾಮಾದ ಕೆಲವು ಅತ್ತಿ ಜಾತಿಗಳಲ್ಲಿ ಇದನ್ನು ಪರೀಕ್ಷಿಸಿ ನೋಡಿದ್ದಾರೆ. ಅಂಥ ಕಾಯಿಗಳನ್ನು ಮರ ಹೆಚ್ಚಾಗಿ ಉದುರಿಸಿಬಿಡುತ್ತದೆ. ಒಳಗಿನ ಮರಿಗಳೂ ಹೋದವು.

ಇಷ್ಟು ಬಿಗಿಯಿದ್ದರೂ ಕಳ್ಳರು ತಪ್ಪಿಲ್ಲ. ಪರಾಗದ ಗೊಡವೆಯೇ ಇಲ್ಲದ ಬೇರೆ ಕಣಜಗಳು ಹೊರಗೇ ಕೂತು, ಕೂದಲಿನಂಥ ಉದ್ದ ಕೊಳವೆಯಿಂದ ಕಾಯಿ ಕೊರೆದು ಮೊಟ್ಟೆ ಇಡುತ್ತವೆ. ಅಂಥ ಒಂದು ಕಣಜದ ಕೊಳವೆಯ ತುದಿಯಲ್ಲಿ ಸತು ಇರುವುದನ್ನು 2014ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ತೋರಿಸಿದರು. ಹಸಿಗಾಯಿ ಕೊರೆಯುವಾಗ ತುದಿ ಸವೆಯಬಾರದಲ್ವಾ? ಆದರೆ ಮರದ ಮೇಲೆ ಇರುವೆಗಳೂ ಓಡಾಡುತ್ತಿರುತ್ತವೆ. ಕೊಳವೆ ಚುಚ್ಚಿಕೊಂಡು ಕೂತ ಕಣಜಕ್ಕೆ ಥಟ್ಟನೆ ಹಾರಲು ಆಗುವುದಿಲ್ಲ. ಇರುವೆಗೆ ಅಷ್ಟು ಸಾಕು.